ಚಿತ್ರದುರ್ಗದ ಎರಡು ದಿನದ ರೈಫಲ್ ಶಿಬಿರ: ಮನೆಯವರೆಲ್ಲ ಹೋಗಿ ಬಂದೆವು, ಕೇಳುವುದಿದ್ದರೆ ಕೇಳಿ

ದಾವಣಗೆರೆ_ಮನೆಮಂದಿ

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ, ಭಾನುವಾರ ಚಿತ್ರದುರ್ಗದಲ್ಲಿ ಹೊಸಬರಿಗೆ ಅಂತಲೇ ಮಾಡಿದ್ದ ರೈಫಲ್ ಶೂಟಿಂಗ್ ಶಿಬಿರಕ್ಕೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ಹದಿನೈದು ವರ್ಷದ ಮಗಳು, ಹನ್ನೆರಡು ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಹೋಗುವ ಮುಂಚೆ ಎಷ್ಟು ಹುಡುಕಿದರೂ ಇದರ ಬಗ್ಗೆ ಕನ್ನಡದಲ್ಲಿ ಓದಲು ಏನೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ವಿಷಯ. ಇದು ಏರ್ ರೈಫಲ್. ಮದ್ದು ಇಲ್ಲ, ಢಮಾರ್ ಅನ್ನುವ ಸದ್ದಿಲ್ಲ. ಗಾಳಿಯ ಒತ್ತಡಕ್ಕೆ ಪುಟ್ಟ ಸೀಸದ ಪೆಲೆಟ್ ಹಾರುತ್ತದೆ. ಹಾಗಂತ ಆಟದ ಸಾಮಾನಲ್ಲ. ನಮ್ಮ ಮಗನಿಗೆ ಬಂದೂಕು ಅಂದರೆ ದುಗ್ಗಮ್ಮನ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿ. ಅಲ್ಲಿ ಬಂದೂಕು ಕೈಗೆ ಕೊಟ್ಟ ತಕ್ಷಣ ಹೊಡೆಯುವುದು, ಆಮೇಲೆ ಇನ್ನೊಂದು ರೌಂಡಿಗೆ ದುಡ್ಡು ಕೇಳುವುದು. ಇಲ್ಲೂ ಹಾಗೇ ಅಂತ ಅಂದುಕೊಂಡು ಬಂದಿದ್ದ.

ಬೆಳಗ್ಗೆ ಆರಕ್ಕೆ ದಾವಣಗೆರೆ ಬಿಟ್ಟು, ಭರಮಸಾಗರದಲ್ಲಿ ಕಾಫಿ ಕುಡಿದು, ಎಂಟರೊಳಗೆ ದುರ್ಗ ಸೇರಿದೆವು. ಊರಾಚೆ ಒಂದು ಶಾಲೆಯ ಉದ್ದನೆಯ ಹಾಲ್. ಒಂದು ಕಡೆ ಮೇಜಿನ ಸಾಲು. ಅಲ್ಲಿಂದ ಟೇಪ್ ಹಿಡಿದು ಅಳೆದು 10 ಮೀಟರ್ ದೂರಕ್ಕೆ, ಕಪ್ಪು ವೃತ್ತದ ಗುರಿ ಕಾರ್ಡು ಹಚ್ಚಿದ ಕಬ್ಬಿಣದ ಪೆಟ್ಟಿಗೆಗಳು. ಅವುಗಳ ಹಿಂದೆ ಹಲಗೆ, ಹಲಗೆಯ ಹಿಂದೆ ದಪ್ಪ ಪರದೆ. ನೆಲದ ಮೇಲೆ ಕೆಂಪು ಟೇಪಿನ ಗೆರೆ. ಎಲ್ಲರ ರೈಫಲ್ ಖಾಲಿಯಾಗಿದೆ ಅಂತ ಕೋಚ್ ತಾವೇ ನೋಡಿ ಹೇಳುವ ತನಕ ಆ ಗೆರೆ ಯಾರೂ ದಾಟುವ ಹಾಗಿಲ್ಲ.

ಮೊದಲ ಎರಡು ಗಂಟೆ ಯಾರ ಕೈಗೂ ರೈಫಲ್ ಕೊಡಲಿಲ್ಲ. ನಿಯಮ ಹೇಳಿಕೊಟ್ಟು, ಒಬ್ಬೊಬ್ಬರನ್ನೇ ಎಬ್ಬಿಸಿ ಬಾಯಿಬಿಟ್ಟು ಹೇಳಿಸಿದರು. ನಮ್ಮ ಅತ್ತೆಯನ್ನೂ ಬಿಡಲಿಲ್ಲ. ಅತ್ತೆ ತಮ್ಮ ಮಾತಲ್ಲೇ ಹೇಳಿದರು: "ಖಾಲಿ ಐತೆ ಅಂತ ನಂಬಬ್ಯಾಡ. ಮನುಷ್ಯರ ಕಡೆ ತಿರುಗಿಸಬ್ಯಾಡ. ಗುರಿ ಹಿಡಿಯೋ ತನಕ ಬೆರಳು ಹೊರಗಿರಲಿ. ಗುರಿ ಹಿಂದೆ ಏನೈತೆ ನೋಡ್ಕೊ." ಕೋಚ್ ಅದನ್ನು ಹಾಗೇ ಬೋರ್ಡಿನ ಮೇಲೆ ಬರೆಸಿದರು. ಎರಡೂ ದಿನ ಅಳಿಸಲಿಲ್ಲ.

ಆಮೇಲೆ ನಿಲ್ಲುವುದನ್ನು ಕಲಿಸಿದರು. ಗುರಿಗೆ ಅಡ್ಡವಾಗಿ ನಿಲ್ಲಬೇಕು, ಎಡಗೈ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಬೇಕು. ತೋಳಿನ ಬಲದಲ್ಲಿ ಹಿಡಿದರೆ ಅರ್ಧ ನಿಮಿಷಕ್ಕೆ ಕೈ ನಡುಗುತ್ತದೆ. ಮೂಳೆಯ ಮೇಲೆ ಕೂರಿಸಿದರೆ ಭಾರ ಕಾಲಿಗೆ ಇಳಿಯುತ್ತದೆ. ತಲೆ ಮೇಲೆ ಕೊಡ ಹೊತ್ತವರಿಗೆ ಇದು ಬೇಗ ಅರ್ಥ ಆಗುತ್ತದೆ. ಕುತ್ತಿಗೆ, ಬೆನ್ನು, ಕಾಲು ಒಂದೇ ಸಾಲಿಗೆ ಬಂದರೆ ಭಾರ ಗೊತ್ತಾಗುವುದಿಲ್ಲ, ಅಲ್ವಾ.

ನನಗೆ ತುಂಬ ಹಿಡಿಸಿದ್ದು ಕಣ್ಣು ಮುಚ್ಚುವ ಪಾಠ. ಗುರಿ ಹಿಡಿದು ನಿಂತು ಕಣ್ಣು ಮುಚ್ಚಿ, ಮೈ ಸಡಿಲ ಬಿಡಿ, ಎರಡು ಸಲ ಉಸಿರಾಡಿ, ಕಣ್ಣು ತೆರೆಯಿರಿ ಅಂದರು. ತೆರೆದರೆ ನನ್ನ ರೈಫಲ್ ಪಕ್ಕದ ಪೆಟ್ಟಿಗೆ ನೋಡುತ್ತಿತ್ತು! ಮೈ ತಾನಾಗಿ ತಿರುಗುವ ದಿಕ್ಕೇ ಬೇರೆ. ಅಲ್ಲಿಯವರೆಗೆ ನಾನು ಕೈಯಲ್ಲಿ ಎಳೆದು ಹಿಡಿದಿದ್ದೆ ಅಷ್ಟೇ. ಆಗ ಕೈ ಎಳೆಯಬಾರದು, ಹಿಂದಿನ ಕಾಲನ್ನು ಒಂದು ಬೆರಳಿನಷ್ಟು ಜರುಗಿಸಬೇಕು. ಮತ್ತೆ ಕಣ್ಣು ಮುಚ್ಚಬೇಕು. ನಾನು ಆರು ಸಲ ಮಾಡಿದೆ. ಆರನೇ ಸಲ ಕಣ್ಣು ತೆರೆದಾಗ ಕಪ್ಪು ಚುಕ್ಕೆ ಎದುರಿಗೇ ಇತ್ತು.

ಟ್ರಿಗರ್ ಒತ್ತುವುದನ್ನು ಎಷ್ಟು ಹೇಳಿದರೂ ನಮ್ಮ ಅತ್ತೆಗೆ ತಲೆಗೆ ಹೋಗಲಿಲ್ಲ. ಪಟ್ ಅಂತ ಎಳೆದುಬಿಡುತ್ತಿದ್ದರು. ಕೋಚ್ ಮೇಡಂ ಬಂದು ಕೇಳಿದರು: "ಅಮ್ಮಾ, ಮಲ್ಲಿಗೆ ಕಟ್ಟುತ್ತೀರಾ? ದಾರ ಬಿಗಿಯುವಾಗ ಹೇಗೆ ಎಳೀತೀರಿ?" ಜೋರಾಗಿ ಎಳೆದರೆ ತೊಟ್ಟು ಕತ್ತರಿಸಿ ಹೂ ಉದುರುತ್ತದೆ. ಸಡಿಲ ಬಿಟ್ಟರೆ ಗಂಟು ನಿಲ್ಲುವುದಿಲ್ಲ. ಅತ್ತೆ ಒಂದು ಕ್ಷಣ ತಮ್ಮ ತೋರುಬೆರಳು ನೋಡಿಕೊಂಡರು. ಅಲ್ಲಿಂದ ಮುಂದೆ ಪಟ್ ಅನ್ನಲಿಲ್ಲ. ಅವರು ಕುರ್ಚಿಯಲ್ಲಿ ಕೂತು, ರೈಫಲನ್ನು ಮೇಜಿನ ಮೇಲಿನ ಮರಳಿನ ಚೀಲಕ್ಕೆ ಆನಿಸಿಕೊಂಡು ಹೊಡೆದರು. ವಯಸ್ಸಾದವರು, ಚಿಕ್ಕವರು ಎಲ್ಲರೂ ಮೊದಲ ದಿನ ಹಾಗೇ.

ಆದರೆ ನಾನು ಇಷ್ಟು ಬರೆಯಲು ಕುಳಿತಿದ್ದು ಇನ್ನೊಂದು ಪಾಠಕ್ಕೆ. ಹೊಡೆಯದೆ ರೈಫಲ್ ಇಳಿಸುವುದು. ಉಸಿರು ಅರ್ಧ ಬಿಟ್ಟು ನಿಲ್ಲಿಸಿದ ಮೇಲೆ ಆರೇಳು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಹೊಡೆತ ಆಗಲಿಲ್ಲ ಅಂದರೆ ಕಣ್ಣು ಮಂಜಾಗುತ್ತದೆ, ಕೈ ಅಲುಗುತ್ತದೆ. ಆಗ "ಇಷ್ಟು ಹೊತ್ತು ಹಿಡಿದೆನಲ್ಲ, ಹೊಡೆದೇಬಿಡೋಣ" ಅಂತ ಮನಸ್ಸು ಹೇಳುತ್ತದೆ. ಆ ಮಾತು ಕೇಳಿ ಹೊಡೆದದ್ದು ಯಾವಾಗಲೂ ಹೊರಗೆ ಹೋಗುತ್ತದೆ. ಇಳಿಸಬೇಕು, ಉಸಿರಾಡಬೇಕು, ಮೊದಲಿಂದ ಶುರು ಮಾಡಬೇಕು.

ನಮ್ಮ ಮಗ ಯಾವುದಕ್ಕೂ ಕಾಯುವ ಹುಡುಗ ಅಲ್ಲ. ಬಿಸಿ ದೋಸೆ ತಟ್ಟೆಗೆ ಬೀಳುವ ಮುಂಚೆ ಕೈ ಹಾಕುತ್ತಾನೆ. ಭಾನುವಾರ ಮಧ್ಯಾಹ್ನ ಐದು ಹೊಡೆತದ ಕೊನೆಯ ಕಾರ್ಡು. ನಾಲ್ಕು ಆಗಿತ್ತು. ಐದನೆಯದಕ್ಕೆ ರೈಫಲ್ ಎತ್ತಿದ. ಇಳಿಸಿದ. ಮತ್ತೆ ಎತ್ತಿದ, ಇಳಿಸಿದ. ನಾಲ್ಕು ಸಲ. ಹಿಂದೆ ಕೂತ ನಾವು ಯಾರೂ ಮಾತಾಡಲಿಲ್ಲ. ಐದನೇ ಸಲ ಹೊಡೆದ. ಆ ಪೆಲೆಟ್ ಎಲ್ಲಿ ಬಿತ್ತು ಅಂತ ನನಗೆ ನೆನಪಿಲ್ಲ. ಆ ನಾಲ್ಕು ಸಲ ಇಳಿಸಿದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

---

ಕೋಟೆ_ಪಕ್ಕದ_ಮನೆ

ಅಕ್ಕಾ, ನಮ್ಮೂರಲ್ಲೇ ನಡೆದಿದ್ದು, ನಮಗೇ ಗೊತ್ತಾಗಲಿಲ್ಲ ನೋಡಿ. ಫೀಸು ಎಷ್ಟು? ಲೈಸೆನ್ಸ್ ಏನಾದರೂ ಬೇಕಾ? ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕಾದರೆ ನಮ್ಮ ಅಪ್ಪ ಖಂಡಿತ ಬೇಡ ಅಂತಾರೆ.

---

ದಾವಣಗೆರೆ_ಮನೆಮಂದಿ

ಎರಡು ದಿನಕ್ಕೆ ದೊಡ್ಡವರಿಗೆ 800, ಮಕ್ಕಳಿಗೆ 500 ರೂಪಾಯಿ ತೆಗೆದುಕೊಂಡರು. ರೈಫಲ್, ಪೆಲೆಟ್, ಕಾರ್ಡು, ಕಣ್ಣಿಗೆ ಕನ್ನಡಕ ಎಲ್ಲ ಅವರದ್ದೇ. ಮಧ್ಯಾಹ್ನ ಚಿತ್ರಾನ್ನ, ಮೊಸರನ್ನ. ಕಲಿಯಲು ಹೋಗುವವರಿಗೆ ಲೈಸೆನ್ಸ್ ಕೇಳಲಿಲ್ಲ. ಆಧಾರ್ ನೋಡಿದರು, ಮಕ್ಕಳ ಪರವಾಗಿ ನಮ್ಮ ಸಹಿ ತೆಗೆದುಕೊಂಡರು. ಅಪ್ಪ ಅಥವಾ ಅಮ್ಮ ಇಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ.

---

ನಿವೃತ್ತ_ಹವಾಲ್ದಾರ್_ಹಿರಿಯೂರು

ಕಾನೂನಿನ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಬಂದೂಕಿನ ಲೆಕ್ಕವೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ನಡೆಯುತ್ತದೆ. ಏರ್ ರೈಫಲ್ಲಿನ ನಳಿಗೆ 4.5 ಮಿಲಿಮೀಟರ್ ಒಳಗಿದ್ದು, ಅದರ ಶಕ್ತಿ 20 ಜೂಲ್ ದಾಟದಿದ್ದರೆ ಲೈಸೆನ್ಸ್ ಬೇಡ. ಅದಕ್ಕಿಂತ ದೊಡ್ಡದು ಅಥವಾ ಜೋರಿನದ್ದು ಆದರೆ ಬೇಕು. ಅಂಗಡಿಯವರು "ಇದಕ್ಕೂ ಬೇಡ ಸಾರ್" ಅಂತ ಬಾಯಿಮಾತಲ್ಲಿ ಹೇಳಿದರೆ ನಂಬಬೇಡಿ. ಶಕ್ತಿ ಎಷ್ಟು ಅಂತ ಕಾಗದದ ಮೇಲೆ ನೋಡಿ, ಬಿಲ್ ಜೋಪಾನವಾಗಿಡಿ.

ತಂಗಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಗ ರೈಫಲ್ ಇಳಿಸಿದ ಮಾತು ಮನಸ್ಸಿಗೆ ತಟ್ಟಿತು. ಹೊಸ ರಿಕ್ರೂಟ್‌ಗಳಿಗೆ ಅದನ್ನು ಕಲಿಸಲು ನಮಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಒಂದು ವಿಷಯ ಕೇಳುತ್ತೇನೆ. ಗ್ರೂಪಿಂಗ್, ಅಂದರೆ ಎಲ್ಲ ಹೊಡೆತವೂ ಒಂದೇ ಕಡೆ ಗುಂಪಾಗಿ ಬೀಳುವ ಹಾಗೆ ಹೊಡೆಯುವುದು, ಕಲಿಸಿದರಾ?

---

ದಾವಣಗೆರೆ_ಮನೆಮಂದಿ

ಕಲಿಸಿದರು ಸರ್. ಆದರೆ ನನಗೆ ಪೂರ್ತಿ ಅರ್ಥ ಆಗಲಿಲ್ಲ. ನಮ್ಮ ಮನೆಯವರ ಐದೂ ಪೆಲೆಟ್ ಕಾರ್ಡಿನ ಎಡಗಡೆ ಕೆಳಮೂಲೆಗೆ ಹೋಗಿದ್ದವು, ನಡುವಿಗೆ ಒಂದೂ ಇಲ್ಲ. ಕೋಚ್ ಅದನ್ನೇ ಎತ್ತಿ ಎಲ್ಲರಿಗೂ ತೋರಿಸಿ "ಶಾಭಾಸ್" ಅಂದರು. ನನ್ನದರಲ್ಲಿ ಒಂದು ಸರಿಯಾಗಿ ನಡುವಿಗೇ ಬಿದ್ದಿತ್ತು, ಅದಕ್ಕೆ ಏನೂ ಅನ್ನಲಿಲ್ಲ.

---

ನಿವೃತ್ತ_ಹವಾಲ್ದಾರ್_ಹಿರಿಯೂರು

ನಿಮ್ಮ ಕೋಚ್ ಕೆಲಸ ಗೊತ್ತಿರುವವರು. ಹೇಳುತ್ತೇನೆ ಕೇಳಿ.

ಐದೂ ಒಂದೇ ಕಡೆ, ಒಂದು ರೂಪಾಯಿ ನಾಣ್ಯದೊಳಗೆ ಬಿದ್ದಿವೆ ಅಂದರೆ ಹೊಡೆದವನು ಐದು ಸಲವೂ ಒಂದೇ ರೀತಿ ನಿಂತಿದ್ದಾನೆ, ಒಂದೇ ರೀತಿ ಉಸಿರು ಹಿಡಿದಿದ್ದಾನೆ, ಒಂದೇ ರೀತಿ ಒತ್ತಿದ್ದಾನೆ. ತಪ್ಪು ಅವನದಲ್ಲ, ರೈಫಲ್ಲಿನ ಸೈಟಿನದು, ಅಂದರೆ ಗುರಿ ನೋಡಲು ಮೇಲೆ ಕೂರಿಸಿದ ಸಾಧನದ್ದು. ಸೈಟಿನ ತಿರುಪು ನಾಲ್ಕು ಹಲ್ಲು ತಿರುಗಿಸಿದರೆ ಆ ಗುಂಪು ಹಾಗೇ ನಡುವಿಗೆ ಜರುಗುತ್ತದೆ. ನಿಮ್ಮ ಕಾರ್ಡಿನಲ್ಲಿ ಒಂದು ನಡುವಿಗೆ, ನಾಲ್ಕು ದಿಕ್ಕಾಪಾಲು. ಆ ಒಂದು ತಾನಾಗಿ ಬಂದು ಬಿದ್ದದ್ದು. ಯಾವ ಸೈಟೂ ಅದನ್ನು ಸರಿ ಮಾಡಲಾರದು. ಬೇಜಾರು ಮಾಡಿಕೊಳ್ಳಬೇಡಿ, ಮೊದಲ ದಿನ ಎಲ್ಲರದ್ದೂ ಹಾಗೇ.

ಇನ್ನೊಂದು ಇದೆ. ಹೊಡೆದ ತಕ್ಷಣ ತಲೆ ಎತ್ತಿ "ಎಲ್ಲಿ ಬಿತ್ತು" ಅಂತ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಏರ್ ರೈಫಲ್ಲಿನಲ್ಲಿ ಅದು ಜಾಸ್ತಿ ನಷ್ಟ. ನಾವು ಬಳಸುತ್ತಿದ್ದ ಗುಂಡಿಗೆ ಹೋಲಿಸಿದರೆ ಪೆಲೆಟ್ ತುಂಬ ನಿಧಾನ. ಸ್ಪರ್ಧೆಯ ರೈಫಲ್ಲಿನಲ್ಲೂ ಸೆಕೆಂಡಿಗೆ ಸುಮಾರು 170 ಮೀಟರ್ ಅಷ್ಟೇ. ಟ್ರಿಗರ್ ಒತ್ತಿ ಆದ ಮೇಲೂ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಆ ಹೊತ್ತಿಗೆ ನೀವು ಅಲುಗಿದರೆ ಅದೂ ಅಲುಗುತ್ತದೆ. ಒತ್ತಿದ ಮೇಲೆ "ಒಂದು, ಎರಡು" ಅಂತ ಮನಸ್ಸಲ್ಲೇ ಎಣಿಸಿ. ಆಮೇಲೆ ತಲೆ ಎತ್ತಿ.

---

ಇಬ್ಬರು_ಮಕ್ಕಳ_ಅಮ್ಮ

ಎಲ್ಲರೂ ಖುಷಿಯಿಂದ ಬರೆಯುತ್ತಿದ್ದೀರಿ. ನನಗೆ ಖುಷಿ ಆಗುತ್ತಿಲ್ಲ, ಕ್ಷಮಿಸಿ.

ನಮ್ಮ ಚಿಕ್ಕಪ್ಪನ ಮಗ ಹತ್ತು ವರ್ಷದವನಿದ್ದಾಗ ಬೇಸಿಗೆ ರಜೆಯಲ್ಲಿ ಒಂದು ಕಡೆ ಶಿಬಿರಕ್ಕೆ ಹೋಗಿದ್ದ. ಈಜು, ಚಾರಣದ ಜೊತೆ ಏರ್ ಗನ್ನೂ ಇತ್ತು. ಕಲ್ಲಿನ ಕಾಂಪೌಂಡಿಗೆ ಡಬ್ಬ ಒರಗಿಸಿ ಹೊಡೆಸಿದರಂತೆ. ಬೇರೆ ಹುಡುಗ ಹೊಡೆದದ್ದು ಕಲ್ಲಿಗೆ ತಾಗಿ ವಾಪಸ್ ಬಂದು ಇವನ ಎಡಗಣ್ಣಿಗೆ ಬಡಿಯಿತು. ಇವತ್ತು ಅವನಿಗೆ ಇಪ್ಪತ್ತಾರು ವರ್ಷ. ಆ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೆ ಕಾಣುವುದಿಲ್ಲ. ಅವನ ಮದುವೆ ಮಾತುಕತೆಯಲ್ಲಿ ಚಿಕ್ಕಮ್ಮ ಎಷ್ಟು ಸಲ ಕಣ್ಣೀರು ಹಾಕಿದ್ದಾರೆ ಅಂತ ನಾನು ನೋಡಿದ್ದೇನೆ. ಮಕ್ಕಳಿಗೆ ಕಾಯುವುದನ್ನು ಕಲಿಸಲು ಬಂದೂಕೇ ಬೇಕಾ? ಚೆಸ್ ಇಲ್ಲವಾ, ರಂಗೋಲಿ ಇಲ್ಲವಾ?

---

ದಾವಣಗೆರೆ_ಮನೆಮಂದಿ

ಅಕ್ಕಾ, ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ಮಕ್ಕಳಿಗೂ ಓದಿ ಹೇಳಿದೆ. ಕ್ಷಮೆ ಕೇಳಬೇಡಿ, ಇದನ್ನು ಇಲ್ಲಿ ಬರೆದದ್ದು ಒಳ್ಳೆಯದಾಯಿತು.

ನಾನು ನೋಡಿದ್ದನ್ನು ಮಾತ್ರ ಹೇಳುತ್ತೇನೆ. ಅಲ್ಲಿ ಕಲ್ಲು, ಸಿಮೆಂಟು, ತಗಡಿನ ಡಬ್ಬ ಯಾವುದಕ್ಕೂ ಹೊಡೆಯಲು ಬಿಡಲಿಲ್ಲ. ನೀವು ಹೇಳಿದ ಕಾರಣಕ್ಕೇ, ಗಟ್ಟಿ ಜಾಗಕ್ಕೆ ತಾಗಿದ ಪೆಲೆಟ್ ವಾಪಸ್ ಬರುತ್ತದೆ. ಕಾರ್ಡಿನ ಹಿಂದಿನ ಪೆಟ್ಟಿಗೆಯೊಳಗೆ ತಗಡು ಓರೆಯಾಗಿತ್ತು. ಪೆಲೆಟ್ ಅದಕ್ಕೆ ಬಡಿದು ಚಪ್ಪಟೆಯಾಗಿ ಕೆಳಗೆ ಬೀಳುತ್ತಿತ್ತು. ಹೊಡೆಯುವವರಿಗೆ ಮಾತ್ರ ಅಲ್ಲ, ಹಿಂದೆ ಕುರ್ಚಿಯಲ್ಲಿ ಕೂತ ನಮಗೂ ಕನ್ನಡಕ ಹಾಕಿಸಿದ್ದರು. ಒಬ್ಬ ಹುಡುಗನಿಗೆ ಒಬ್ಬ ದೊಡ್ಡವರು ಪಕ್ಕದಲ್ಲೇ ನಿಂತಿರುತ್ತಿದ್ದರು. "ಸ್ಟಾಪ್" ಅಂತ ಯಾರು ಬೇಕಾದರೂ ಕೂಗಬಹುದು, ಮಕ್ಕಳು ಕೂಡ. ಕೂಗಿದ ಕ್ಷಣ ಎಲ್ಲರೂ ರೈಫಲ್ ಕೆಳಗಿಡಬೇಕು. ಶನಿವಾರ ಒಬ್ಬರ ಮೊಬೈಲ್ ಕೆಂಪು ಗೆರೆಯ ಆಚೆ ಜಾರಿ ಬಿತ್ತು. ಎಂಟು ವರ್ಷದ ಒಂದು ಹುಡುಗಿ ನೋಡಲು ಬಂದಿದ್ದಳು. ಅವಳೇ "ಸ್ಟಾಪ್" ಅಂದಳು. ಹಾಲ್ ಪೂರ್ತಿ ನಿಂತುಹೋಯಿತು. ಯಾರೂ ಅವಳನ್ನು ಗದರಲಿಲ್ಲ. ಕೋಚ್ ಅವಳ ಹತ್ತಿರ ಬಂದು ಕೈ ಕುಲುಕಿದರು.

ಬಂದೂಕೇ ಬೇಕಾ ಅಂತ ಕೇಳಿದಿರಿ. ಬೇಕು ಅಂತ ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಆದದ್ದು ನಮ್ಮ ಮನೆಯಲ್ಲಿ ಆಗಿದ್ದರೆ ನಾನೂ ಕಳಿಸುತ್ತಿರಲಿಲ್ಲ.

---

ನಿವೃತ್ತ_ಹವಾಲ್ದಾರ್_ಹಿರಿಯೂರು

ಅಮ್ಮಾ, ಆ ಶಿಬಿರದವರು ಮಾಡಿದ್ದು ದೊಡ್ಡ ತಪ್ಪು. ನಾಲ್ಕನೇ ನಿಯಮವನ್ನೇ ಬಿಟ್ಟಿದ್ದಾರೆ, ಗುರಿಯ ಹಿಂದೆ ಏನಿದೆ ಅಂತ ನೋಡಿಲ್ಲ. ಎಲ್ಲ ತಂದೆ ತಾಯಿಗೂ ನನ್ನ ಮಾತು ಇಷ್ಟು. ಶಿಬಿರದ ಬಾಗಿಲಲ್ಲಿ ನಿಂತು ಪೆಟ್ಟಿಗೆಯ ಹಿಂದೆ ಏನಿದೆ ನೋಡಿ. ಎಲ್ಲರಿಗೂ ಕನ್ನಡಕ ಇದೆಯಾ ನೋಡಿ. ಮೇಜಿನ ಮೇಲೆ ಇಟ್ಟ ರೈಫಲ್ಲಿನ ನಳಿಗೆಯಲ್ಲಿ ಬಣ್ಣದ ದಾರ ತೂರಿಸಿದ್ದಾರಾ ನೋಡಿ. ಆ ದಾರ ಇದ್ದರೆ ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಮಕ್ಕಳ ಕೈ ಹಿಡಿದು ವಾಪಸ್ ಬನ್ನಿ. ಕೊಟ್ಟ ದುಡ್ಡು ಹೋದರೆ ಹೋಗಲಿ.

---

ಎನ್‌ಸಿಸಿ_ಹುಡುಗಿ_ಡಿವಿಜಿ

ನಾನು ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್. ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹೊಡೆದಿದ್ದೇನೆ. ನೆಲದ ಮೇಲೆ ಮಲಗಿ ಹೊಡೆಯುವುದು. ನಿಂತು ಹೊಡೆಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಅಕ್ಕಾ, ಕಾರ್ಡಿನ ನಡುವೆ ಹತ್ತು ಅಂಕದ ಚುಕ್ಕಿ ಇರುತ್ತಲ್ಲ, ಅದು ಎಷ್ಟು ದೊಡ್ಡದಿರುತ್ತದೆ?

---

ದಾವಣಗೆರೆ_ಮನೆಮಂದಿ

ಬಾಲ್‌ಪೆನ್ನಿನ ತುದಿ ಮುಟ್ಟಿಸಿದಷ್ಟು! ಅಂತರರಾಷ್ಟ್ರೀಯ ಸ್ಪರ್ಧೆಯ ಕಾರ್ಡಿನಲ್ಲಿ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್. ಹೊರಗಿನ ಒಂದು ಅಂಕದ ಸುತ್ತು ಸೇರಿ ಇಡೀ ವೃತ್ತ 45.5 ಮಿಲಿಮೀಟರ್, ಸಣ್ಣ ನಿಪ್ಪಟ್ಟಿನಷ್ಟು. ಪೆಲೆಟ್ ನಾಲ್ಕೂವರೆ ಮಿಲಿಮೀಟರ್ ಅಗಲ ಇರುವುದರಿಂದ ಅಂಚು ಆ ಚುಕ್ಕಿಗೆ ತಾಗಿದರೂ ಹತ್ತು ಅಂತ ಎಣಿಸುತ್ತಾರೆ. ಸ್ಪರ್ಧೆಯಲ್ಲಿ ಇಂಥ 60 ಹೊಡೆತ, ಒಂದೂಕಾಲು ಗಂಟೆಯೊಳಗೆ, ಪೂರ್ತಿ ನಿಂತುಕೊಂಡೇ.

ಹತ್ತರೊಳಗೂ ಮತ್ತೆ ಭಾಗ ಮಾಡುತ್ತಾರೆ. ಸರಿಯಾಗಿ ನಟ್ಟನಡುವೆ ಬಿದ್ದರೆ 10.9, ಅದಕ್ಕಿಂತ ಮೇಲೆ ಇಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ 10.8 ಹೊಡೆದು ಚಿನ್ನ ಗೆದ್ದರು. ಒಬ್ಬರೇ ಆಡುವ ಸ್ಪರ್ಧೆಯಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ ಅದು. ಅದೂ ಇದೇ 10 ಮೀಟರ್ ಏರ್ ರೈಫಲ್ಲಿನಲ್ಲಿ. ಕೋಚ್ ಇದನ್ನು ಹೇಳಿದಾಗ ನನ್ನ ಮಗ ಎದ್ದು ಹೋಗಿ ಕಾರ್ಡಿನ ಆ ಚುಕ್ಕಿಯನ್ನು ಹತ್ತಿರದಿಂದ ನೋಡಿ ಬಂದ.

---

ಕಣ್ಣಿನ_ಕನ್ನಡಕ

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅಲ್ಲಿ ಯಾವ ಕಣ್ಣು ಮುಂದು, ಅಂದರೆ ಗುರಿ ನೋಡುವಾಗ ಮೆದುಳು ಯಾವ ಕಣ್ಣನ್ನು ಹೆಚ್ಚು ನಂಬುತ್ತದೆ, ಅಂತ ನೋಡಿದರಾ? ಹೊಸಬರು ಇದನ್ನು ಮರೆತು ವರ್ಷಗಟ್ಟಲೆ ಒದ್ದಾಡುತ್ತಾರೆ.

---

ದಾವಣಗೆರೆ_ಮನೆಮಂದಿ

ನೋಡಿದರು ಸರ್, ನಮ್ಮ ಮಗಳ ಕಥೆಯೇ ಅದು. ಶನಿವಾರ ಪೂರ್ತಿ ಅವಳ ಪೆಲೆಟ್ ಬಲಕ್ಕೊಂದು ಎಡಕ್ಕೊಂದು. ಬರೆಯುವುದು, ಉಣ್ಣುವುದು ಎಲ್ಲ ಬಲಗೈ. ಆದ್ದರಿಂದ ರೈಫಲ್ಲೂ ಬಲಕ್ಕೇ ಹಿಡಿದಿದ್ದಳು. ಸಂಜೆ ಅವಳ ಮುಖ ಬಾಡಿತ್ತು. ಕೋಚ್ ಮೇಡಂ ಬಂದು ಎರಡೂ ಕೈ ಚಾಚಿಸಿ, ಹೆಬ್ಬೆರಳು ತೋರುಬೆರಳು ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿದರು. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ಗೋಡೆ ಗಡಿಯಾರ ನೋಡು ಅಂದರು. ಆಮೇಲೆ ಒಂದೊಂದೇ ಕಣ್ಣು ಮುಚ್ಚು ಅಂದರು. ಎಡಗಣ್ಣು ಮುಚ್ಚಿದರೆ ಗಡಿಯಾರ ಮಾಯ! ಬಲಗಣ್ಣು ಮುಚ್ಚಿದರೆ ಗಡಿಯಾರ ಅಲ್ಲೇ. ಅಂದರೆ ಅವಳು ಬಲಗೈಯವಳು, ಆದರೆ ಮುಂದಾಳು ಎಡಗಣ್ಣು.

---

ಕಣ್ಣಿನ_ಕನ್ನಡಕ

ಹೌದು, ಇದು ರೋಗ ಅಲ್ಲ, ಎಷ್ಟೋ ಜನಕ್ಕೆ ಇರುತ್ತದೆ. ದಾರಿ ಎರಡಿವೆ. ಎಡಭುಜಕ್ಕೆ ಇಟ್ಟು ಹೊಡೆಯುವುದು ಒಂದು. ಬಲಕ್ಕೇ ಇಟ್ಟುಕೊಂಡು ಎಡಗಣ್ಣಿಗೆ ಮರೆ ಕಟ್ಟುವುದು ಇನ್ನೊಂದು. ಕಣ್ಣು ಹಿಂಡಿ ಮುಚ್ಚಬಾರದು. ಒಂದು ಕಣ್ಣು ಹಿಂಡಿದರೆ ಇನ್ನೊಂದರ ಸುತ್ತಲೂ ಸ್ನಾಯು ಬಿಗಿಯುತ್ತದೆ, ಬೇಗ ಸುಸ್ತಾಗುತ್ತದೆ. ಬೆಳಕು ಬಿಡುವ ತೆಳು ಬಿಳಿ ಪ್ಲಾಸ್ಟಿಕ್ ತುಂಡು ಸಾಕು. ಹೊಸದಾಗಿ ಶುರು ಮಾಡುವವರಿಗೆ ಎಡಭುಜವೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಬಿಡಬೇಕಾದ ಹಳೆಯ ಅಭ್ಯಾಸ ಇನ್ನೂ ಇರುವುದಿಲ್ಲ, ಅಲ್ವಾ.

ಇನ್ನೊಂದು ಮಾತು. ಕಣ್ಣು ಒಂದೇ ಸಮಯಕ್ಕೆ ಹತ್ತಿರದ್ದನ್ನೂ ದೂರದ್ದನ್ನೂ ಸ್ಪಷ್ಟವಾಗಿ ನೋಡಲಾರದು. ಆದ್ದರಿಂದ ನಳಿಗೆಯ ತುದಿಯ ಸೈಟು ಚೂಪಾಗಿ ಕಾಣಬೇಕು, ಗುರಿ ಸ್ವಲ್ಪ ಮಂಜಾಗಿ ಕಂಡರೂ ಪರವಾಗಿಲ್ಲ. ಮಕ್ಕಳು ಗುರಿಯನ್ನೇ ನೋಡುತ್ತಾರೆ. ಅಲ್ಲೇ ತಪ್ಪುವುದು.

---

ಹೊಳಲ್ಕೆರೆ_ತೋಟ

ನಮ್ಮ ಅಡಿಕೆ ತೋಟಕ್ಕೆ ಮಂಗಗಳ ಕಾಟ, ಪಕ್ಕದ ಹೊಲಕ್ಕೆ ನವಿಲಿನ ಕಾಟ. ಇಂಥದ್ದೊಂದು ಏರ್ ಗನ್ ತೆಗೆದುಕೊಂಡರೆ ಹೆದರಿಸಲು ಆಗುತ್ತಾ? ಶಿಬಿರದಲ್ಲಿ ಅದನ್ನೂ ಹೇಳಿಕೊಡುತ್ತಾರಾ?

---

ನಿವೃತ್ತ_ಹವಾಲ್ದಾರ್_ಹಿರಿಯೂರು

ದಯವಿಟ್ಟು ಆ ಯೋಚನೆ ಬಿಡಿ ಅಣ್ಣ. 1972ರ ವನ್ಯಜೀವಿ ಕಾಯ್ದೆಯಲ್ಲಿ ನವಿಲು ಮೊದಲನೇ ಪಟ್ಟಿಯಲ್ಲಿದೆ. ಅದಕ್ಕೆ ಹೊಡೆದರೆ ಜೈಲು. ಲೈಸೆನ್ಸ್ ಬೇಡದ ಬಂದೂಕಿನಲ್ಲಿ ಹೊಡೆದೆ ಅಂದರೂ ಕೇಳುವುದಿಲ್ಲ. ಪೆಲೆಟ್ ತಾಗಿದ ಪ್ರಾಣಿ ಅಲ್ಲೇ ಸಾಯುವುದೂ ಇಲ್ಲ, ಗಾಯ ಕೊಳೆತು ದಿನಗಟ್ಟಲೆ ನರಳುತ್ತದೆ. ಬೆಳೆ ಹಾನಿಯಾಗಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಕಾರ್ಡು ಬಿಟ್ಟು ಬೇರೆ ಯಾವುದಕ್ಕೂ ರೈಫಲ್ ಎತ್ತಬಾರದು ಅಂತ ಮಕ್ಕಳಿಗೆ ಹೇಳಿಕೊಟ್ಟು ನಾವೇ ಹಕ್ಕಿಗೆ ಎತ್ತಿದರೆ ಅವರು ಏನು ಕಲಿಯುತ್ತಾರೆ?

---

ದಾವಣಗೆರೆ_ಮನೆಮಂದಿ

ಇದಕ್ಕೆ ಸೇರಿಸುತ್ತೇನೆ. ಶಿಬಿರದಲ್ಲಿ ಮನುಷ್ಯರ, ಪ್ರಾಣಿಗಳ ಚಿತ್ರ ಇರುವ ಯಾವ ಕಾರ್ಡೂ ಇರಲಿಲ್ಲ. ಬರೀ ಕಪ್ಪು ವೃತ್ತ. ನನಗೆ ಅದು ತುಂಬ ಸಮಾಧಾನ ಕೊಟ್ಟಿತು.

---

ಚಳ್ಳಕೆರೆ_ಅಪ್ಪ

ಎಲ್ಲ ಓದಿದೆ. ನನ್ನ ಮಗಳಿಗೆ ಹದಿಮೂರು. ವೀಲ್‌ಚೇರಿನಲ್ಲಿ ಇರುತ್ತಾಳೆ. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಅವಳನ್ನು ಲೈಬ್ರರಿಗೆ ಕಳಿಸುತ್ತಾರೆ. ಇಂಥ ಕಡೆ ಅವಳನ್ನು ಸೇರಿಸಿಕೊಳ್ಳುತ್ತಾರಾ? ಕೇಳಲೇ ಸಂಕೋಚ.

---

ಎನ್‌ಸಿಸಿ_ಹುಡುಗಿ_ಡಿವಿಜಿ

ಅಂಕಲ್, ಸಂಕೋಚ ಬೇಡವೇ ಬೇಡ! ಅವನಿ ಲೇಖರಾ ಹೆಸರು ಕೇಳಿದ್ದೀರಾ? ಜೈಪುರದವರು. 2012ರಲ್ಲಿ ಕಾರು ಅಪಘಾತ ಆಗಿ ವೀಲ್‌ಚೇರಿಗೆ ಬಂದವರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಚಿನ್ನ ಮತ್ತೆ ಗೆದ್ದರು. ರೈಫಲ್ಲಿನ ಭಾರ ಕೈಯಲ್ಲಿ ತಡೆಯಲು ಆಗದವರಿಗೂ ಬೇರೆ ವಿಭಾಗ ಇದೆ. ಅದರಲ್ಲಿ ಸ್ಪ್ರಿಂಗ್ ಇರುವ ಸ್ಟ್ಯಾಂಡಿನ ಮೇಲೆ ರೈಫಲ್ ಕೂರಿಸಿ ಹೊಡೆಯುತ್ತಾರೆ. ನಿಮ್ಮ ಮಗಳಿಗೆ ಅವನಿಯವರ ವಿಡಿಯೊ ತೋರಿಸಿ.

---

ದಾವಣಗೆರೆ_ಮನೆಮಂದಿ

ನಿಮ್ಮ ಮಾತು ಓದಿದ ತಕ್ಷಣ ಕೋಚ್ ಮೇಡಂಗೆ ಫೋನ್ ಮಾಡಿ ಕೇಳಿದೆ ಸರ್. "ಕರಕೊಂಡು ಬರಲಿ, ಮೇಜಿನ ಎತ್ತರ ಎಷ್ಟು ಬೇಕು ಅಂತ ಮೊದಲೇ ಅಳೆದು ಹೇಳಲಿ" ಅಂದರು. ಹಾಲಿನ ಬಾಗಿಲಿಗೆ ಎರಡು ಮೆಟ್ಟಿಲಿವೆ, ಅದಕ್ಕೆ ಹಲಗೆ ಹಾಕಿಸುತ್ತಾರಂತೆ. ಟಾಯ್ಲೆಟ್ ಬಾಗಿಲು ವೀಲ್‌ಚೇರಿಗೆ ಸಾಕಾಗುತ್ತಾ ಅಂತ ನಾನೇ ಅಳೆದು ನಿಮಗೆ ಬರೆಯುತ್ತೇನೆ. ಅದು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನ ಇಲ್ಲ.

---

ಚಳ್ಳಕೆರೆ_ಅಪ್ಪ

ತುಂಬ ಉಪಕಾರ ಆಯಿತು ತಂಗಿ. ಮಗಳಿಗೆ ಈಗಲೇ ಹೇಳಿದೆ. ಮೇಜು ಅಳೆಯಲು ಟೇಪ್ ಹುಡುಕುತ್ತಿದ್ದಾಳೆ.

---

ಕೋಟೆ_ಪಕ್ಕದ_ಮನೆ

ಹೊರಗೂರಿನಿಂದ ಬರುವವರಿಗೆ ಒಂದು ಮಾತು. ಭಾನುವಾರ ಮುಗಿದ ಮೇಲೆ ಸಮಯ ಇದ್ದರೆ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ. ಓಬವ್ವನ ಕಿಂಡಿ ಎಲ್ಲರೂ ನೋಡುತ್ತಾರೆ. ಅದರ ಜೊತೆ ಮದ್ದು ಬೀಸುವ ದೊಡ್ಡ ಕಲ್ಲುಗಳನ್ನೂ, ಗೋಡೆಯಲ್ಲಿ ಬಂದೂಕು ತೂರಿಸಲು ಬಿಟ್ಟ ಕಿಂಡಿಗಳನ್ನೂ ತೋರಿಸಿ. ಆ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಕೆಳಗಿನ ದಾರಿ ಎಷ್ಟು ಕಾಣುತ್ತದೆ ಅಂತ ಮಕ್ಕಳೇ ಕಂಡುಕೊಳ್ಳುತ್ತಾರೆ. ಗುರಿ ಹಿಡಿಯುವುದನ್ನು ಕಲಿತ ಮೇಲೆ ಕೋಟೆ ಬೇರೆಯೇ ರೀತಿ ಕಾಣುತ್ತದೆ ಅಂತ ನನ್ನ ನಂಬಿಕೆ.

ಹಾಗೇ, ಇಲ್ಲಿಯ ಗಾಳಿಗೆ ಬಯಲಲ್ಲಿ ಪೆಲೆಟ್ ನೆಟ್ಟಗೆ ಹೋಗುವುದಿಲ್ಲ. ಜೋಗಿಮಟ್ಟಿ ಕಡೆಯ ಗಾಳಿಯಂತ್ರ ನೋಡಿದವರಿಗೆ ಗೊತ್ತು. ಹಾಲ್ ಒಳಗೆ ಮಾಡಿದ್ದೇ ಒಳ್ಳೆಯದಾಯಿತು.

---

ಇಬ್ಬರು_ಮಕ್ಕಳ_ಅಮ್ಮ

ಎರಡು ದಿನದಿಂದ ಎಲ್ಲ ಓದುತ್ತಿದ್ದೇನೆ. ಒಂದು ಪ್ರಶ್ನೆ ಇದೆ. ಪೆಲೆಟ್ ಸೀಸದ್ದು ಅಂದಿರಿ. ಅದು ಮಕ್ಕಳ ಕೈಗೆ ತಾಗುವುದಿಲ್ಲವಾ? ಸೀಸ ಹೊಟ್ಟೆಗೆ ಹೋದರೆ ಕೆಟ್ಟದ್ದು ಅಂತ ಓದಿದ್ದೇನೆ.

---

ದಾವಣಗೆರೆ_ಮನೆಮಂದಿ

ತಾಗುತ್ತದೆ ಅಕ್ಕಾ. ಅದಕ್ಕೇ ಅಲ್ಲಿ ರೇಂಜಿನೊಳಗೆ ತಿನ್ನಲು, ಕುಡಿಯಲು ಬಿಡುವುದಿಲ್ಲ. ಕೆಲವರು ಪೆಲೆಟ್ ತುಟಿಯಲ್ಲಿ ಹಿಡಿದುಕೊಳ್ಳುತ್ತಾರಲ್ಲ, ಅದನ್ನು ಮೊದಲೇ ಬೈದು ಬಿಡಿಸಿದರು. ಊಟಕ್ಕೆ ಮುಂಚೆ ಬಾಗಿಲಲ್ಲಿ ಸೋಪು, ನೀರು. ಮೊಣಕೈವರೆಗೆ ತೊಳೆಯದವರಿಗೆ ತಟ್ಟೆ ಇಲ್ಲ. ನೆಲವನ್ನೂ ಒಣ ಪೊರಕೆಯಲ್ಲಿ ಗುಡಿಸುವುದಿಲ್ಲ, ಧೂಳು ಏಳುತ್ತದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಮನೆಗೆ ಬಂದ ಮೇಲೆ ಆ ದಿನದ ಬಟ್ಟೆ ಬೇರೆಯಾಗಿ ಒಗೆದೆ.

ನಳಿಗೆ ಮುರಿದು, ಅಂದರೆ ಬುಡದಲ್ಲಿ ಕೆಳಕ್ಕೆ ಮಡಚಿ, ಪೆಲೆಟ್ ಹಾಕುವ ರೈಫಲ್ಲಿನಲ್ಲಿ ಇನ್ನೊಂದು ಅಪಾಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಒಳ್ಳೆ ಜೋರು ಬೇಕು. ಕೈ ಜಾರಿದರೆ ನಳಿಗೆ ಪಟ್ಟನೆ ಮೇಲೆದ್ದು ಬೆರಳು ಜಜ್ಜುತ್ತದೆ. ಮಕ್ಕಳದ್ದನ್ನು ದೊಡ್ಡವರೇ ಮುರಿದು ಕೊಡುತ್ತಿದ್ದರು. ಪೆಲೆಟ್ ಹಾಕುವಷ್ಟು ಹೊತ್ತೂ ಇನ್ನೊಂದು ಕೈಯಲ್ಲಿ ನಳಿಗೆ ಬಿಗಿಯಾಗಿ ಹಿಡಿದಿರಬೇಕು. ನನ್ನ ಮಗನ ರೈಫಲ್ಲನ್ನು ಎರಡೂ ದಿನ ನಾನೇ ಹಿಡಿದೆ.

---

ಇಬ್ಬರು_ಮಕ್ಕಳ_ಅಮ್ಮ

ಸರಿ. ಮಕ್ಕಳನ್ನು ಕರೆತರುವುದಿಲ್ಲ, ಅದು ನನ್ನಿಂದ ಆಗದು. ಮುಂದಿನ ಸಲ ನಾನೊಬ್ಬಳೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತು ನೋಡಬಹುದಾ? ಆ ಓರೆ ತಗಡು ನನಗೆ ನೋಡಬೇಕು.

---

ದಾವಣಗೆರೆ_ಮನೆಮಂದಿ

ಬನ್ನಿ ಅಕ್ಕಾ. ನೋಡುವವರಿಗೆ ಫೀಸು ಇಲ್ಲ, ಕನ್ನಡಕ ಮಾತ್ರ ಹಾಕಲೇಬೇಕು. ಮುಂದಿನ ಶಿಬಿರ ಮುಂದಿನ ತಿಂಗಳ ಎರಡನೇ ಶನಿವಾರ, ಭಾನುವಾರ ಅಂತೆ. ಮಗಳು ಈ ಸಲ ಎಡಭುಜಕ್ಕೆ ಇಟ್ಟು ಹೊಡೆಯುತ್ತಾಳೆ. ಆದ್ದರಿಂದ ನಾವು ಹೋಗುವುದು ಗ್ಯಾರಂಟಿ. ಅತ್ತೆಯೂ ಬರುತ್ತಾರೆ. ದಾವಣಗೆರೆಯಿಂದ ಆರಕ್ಕೆ ಹೊರಡುತ್ತೇವೆ, ಕಾರಿನಲ್ಲಿ ಒಂದು ಸೀಟು ಮಾಡುತ್ತೇನೆ. ನೀವು ಇರುವುದು ದಾವಣಗೆರೆಯಲ್ಲೇ ಆದರೆ ಹೇಳಿ, ಮನೆ ಹತ್ತಿರವೇ ಬಂದು ಕರೆದುಕೊಳ್ಳುತ್ತೇವೆ.